ಅಕ್ವೇರಿಯಂ ಸ್ಟ್ಯಾಂಡಿಗೆ ಪಾಲಿಶ್: ಕಾಣದ ಬದಿಗೇ ಮೊದಲು ಬ್ರಶ್ ಹಾಕಿ

ಮನೆಯಲ್ಲೇ ಅಕ್ವೇರಿಯಂ ಸ್ಟ್ಯಾಂಡ್ ಮಾಡಿದವರು ಹೆಚ್ಚಾಗಿ ಎದುರಿನ ಬದಿಗೆ ಚಂದ ಪಾಲಿಶ್ ಹೊಡೀತಾರೆ, ಹಿಂದೆ, ಒಳಗೆ, ಕಾಲಿನ ಅಡಿ ಎಲ್ಲ ಹಾಗೇ ಬಿಡ್ತಾರೆ. ನೀರು ಹೋಗುವುದು ಅಲ್ಲಿಗೇ. ಎರಡಡಿ ಉದ್ದ, ಒಂದೊಂದಡಿ ಅಗಲ ಎತ್ತರದ ಟ್ಯಾಂಕಲ್ಲಿ ನೀರೇ ಸುಮಾರು 55 ಕಿಲೋ ಆಗ್ತದೆ, ಗಾಜು ಕಲ್ಲು ಬೇರೆ, ಅಷ್ಟು ಭಾರ ಹೊರುವ ಮರ ಕುಂಬಾಗ್ಲಿಕ್ಕೆ, ಅಂದ್ರೆ ಕೊಳೀಲಿಕ್ಕೆ, ಬಿಡಬಾರದು.

ಮಂಗಳೂರಲ್ಲಿ ಈ ಕೆಲಸಕ್ಕೆ ಡಿಸೆಂಬರಿಂದ ಮಾರ್ಚ್ ಒಳ್ಳೇ ಟೈಮ್. ಜುಲೈಯಲ್ಲಿ ಲ್ಯಾಕರ್ (ಬೇಗ ಒಣಗುವ ಒಂದು ಬಗೆ ಪಾಲಿಶ್) ಹೊಡೆದ್ರೆ ಗಾಳಿಯ ತೇವಕ್ಕೆ ಬೆಳ್ಳಗೆ ಮಂಜು ಕಟ್ಟಿದ ಹಾಗೆ ಕಾಣ್ತದೆ.

ಮೊದಲು 120 ನಂಬ್ರದ ಸ್ಯಾಂಡ್ ಪೇಪರಲ್ಲಿ, ಆಮೇಲೆ 180ರಲ್ಲಿ ಉಜ್ಜಿ, ಮರದ ಎಳೆ ಹೋದ ಕಡೆಗೇ ಕೈ ಹೋಗ್ಬೇಕು, ಅಡ್ಡ ಉಜ್ಜಿದ್ರೆ ಈಗ ಗೊತ್ತಾಗುದಿಲ್ಲ, ಸ್ಟೇನ್ (ಮರ ಹೀರುವ ಬಣ್ಣ) ಹಾಕಿದ ಕೂಡ್ಲೇ ಗೀರುಗಳೆಲ್ಲ ಕಪ್ಪಾಗಿ ಎದ್ದು ಕಾಣ್ತವೆ. ಜಾಯಿಂಟ್ ಹತ್ರ ಫೆವಿಕಾಲ್ ಒಣಗಿ ಕೂತಿದ್ರೆ ಅದನ್ನೂ ತೆಗೀರಿ, ಅಲ್ಲಿ ಬಣ್ಣ ಹಿಡಿಯುದೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಎದ್ದ ನಾರನ್ನು ಮತ್ತೊಮ್ಮೆ ಹಗುರಕ್ಕೆ ಉಜ್ಜಿ.

ಸ್ಟೇನನ್ನು ಅದೇ ಮರದ ತುಂಡಿಗೆ ಹಾಕಿ ನೋಡದೆ ಸ್ಟ್ಯಾಂಡಿಗೆ ಮುಟ್ಟಿಸ್ಬೇಡಿ. ಹಲಸಿನ ಹಳದಿ ಮರಕ್ಕೂ ಸಾಗುವಾನಿಗೂ ಒಂದೇ ಡಬ್ಬಿಯ ಬಣ್ಣ ಬೇರೆ ಬೇರೆ ಬರ್ತದೆ. ಬಟ್ಟೆಯಲ್ಲಿ ಹಚ್ಚಿ, ಸ್ವಲ್ಪ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ. ಎಣ್ಣೆ ಸ್ಟೇನ್ ಆದ್ರೆ ಆ ಬಟ್ಟೆ ಮುದ್ದೆ ಮಾಡಿ ಬಿಸಾಡ್ಬೇಡಿ, ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹಿಡೀಬಹುದು, ಹೊರಗೆ ಹರಡಿ ಒಣಗಿಸಿ.

ಸ್ಟೇನ್ ಬರೀ ಬಣ್ಣ, ನೀರು ತಡೆಯುವ ಶಕ್ತಿ ಅದಕ್ಕಿಲ್ಲ. ಸ್ಪಿರಿಟಲ್ಲಿ ಕರಗಿಸಿ ಹಚ್ಚುವ ಚಂದ್ರಸ್ ಪಾಲಿಶ್ ಮೇಲೂ ನೀರು ನಿಂತ್ರೆ ಬಿಳಿ ಕಲೆ ಬೀಳ್ತದೆ, ಹಾಗಾಗಿ ಇದಕ್ಕೆ ಪಿಯು (ಪಾಲಿಯುರೆಥೇನ್ ಪಾಲಿಶ್) ಬೇಕು. ಹಾರ್ಡ್ನರ್ (ಗಟ್ಟಿ ಮಾಡುವ ದ್ರವ) ಬೆರೆಸುವ ಪಿಯು ಆದ್ರೆ ಡಬ್ಬಿಯಲ್ಲಿ ಬರೆದ ಅಳತೆಗೆ ಸರಿಯಾಗಿ, ಆಗಾಗ ಬೇಕಾದಷ್ಟೇ ಕಲಸಿ. ಸ್ಟ್ಯಾಂಡನ್ನು ತಲೆಕೆಳಗೆ ಮಾಡಿ ಕಾಲಿನ ಅಡಿಯಿಂದ ಶುರು ಮಾಡಿ, ಅಡ್ಡ ಕೊಯ್ದ ಮರದ ತುದಿ ಮೊದಲ ಕೋಟನ್ನು ಪೂರ್ತಿ ಕುಡಿದುಬಿಡ್ತದೆ, ಅಲ್ಲಿಗೆ ಒಂದೆರಡು ಕೋಟ್ ಜಾಸ್ತಿಯೇ ಬೇಕು. ಪ್ಲೈವುಡ್ ಅಂಚು, ಪೈಪ್ ವಯರಿಗೆ ಕೊರೆದ ತೂತಿನ ಒಳಬದಿ ಕೂಡ ಹಾಗೇ, ಸಣ್ಣ ಬ್ರಶ್ ತೂರಿಸಿ ಹಚ್ಚಿ. ಉಳಿದ ಕಡೆ ಮರದ ಸಣ್ಣ ರಂಧ್ರ ಮುಚ್ಚುವ ಸೀಲರ್, 320ರ ಪೇಪರಲ್ಲಿ ಒಂದು ಕೈ, ಧೂಳು ಒರೆಸಿ ತೆಳ್ಳಗೆ ಮೂರು ಕೋಟ್ ಪಿಯು.

ಮುಟ್ಟಿದ್ರೆ ಅಂಟುದಿಲ್ಲ ಅಂತ ಟ್ಯಾಂಕ್ ಏರಿಸ್ಬೇಡಿ, ಒಳಗೆ ಇನ್ನೂ ಗಟ್ಟಿಯಾಗಿರುದಿಲ್ಲ. ಒಂದು ವಾರವಾದ್ರೂ ಬಿಡಿ, ಸ್ಟ್ಯಾಂಡಿನ ಬಾಗಿಲು ತೆರೆದು ಮೂಸಿ ನೋಡಿ. ಏರ್ ಪಂಪ್ ಎಳ್ಕೊಳ್ಳುವುದು ಅದೇ ಕೋಣೆಯ ಗಾಳಿಯನ್ನು, ವಾಸನೆ ಉಂಟಾದ್ರೆ ಅದನ್ನೂ ನೀರಿಗೆ ನೂಕ್ತದೆ, ಪಾಪ ಮೀನುಗಳಿಗೆ ತಪ್ಪಿಸ್ಕೊಳ್ಳಲಿಕ್ಕೆ ಬೇರೆ ಜಾಗ ಇಲ್ಲ.