ಮಗ್ಗ ನಿಂತ ಮೇಲೆ ಬಿಚ್ಚುವ ಕ್ರೊನೋಗ್ರಾಫ್

ಬೆಳಗಾವಿಯ ವಡಗಾವಿಯಲ್ಲಿ ನಮ್ಮ ಮನೆ. ಎಡಕ್ಕೂ ಬಲಕ್ಕೂ ವಿದ್ಯುತ್ ಮಗ್ಗ. ಹಗಲಲ್ಲಿ ಗಡಿಯಾರದ ಮಿಡಿತ ಕಿವಿಗೆ ಬೀಳುವುದಿಲ್ಲ, ನೂಲಿನ ಎಳೆಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ಅಂಥ ಒಂದು ಎಳೆ ಗಡಿಯಾರದ ಚಕ್ರದ ಹಲ್ಲಿಗೆ ಸಿಕ್ಕಿದರೆ ವಾರದ ಕೆಲಸ ಹಾಳು. ಹಾಗಾಗಿ ನಾನು ರಾತ್ರಿ ಮಗ್ಗಗಳು ನಿಂತ ಮೇಲೆ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ ಗಡಿಯಾರ ಬಿಚ್ಚಲು ಕೂರುತ್ತೇನೆ.

ನಾನು ಹೇಳುತ್ತಿರುವುದು ಕ್ರೊನೋಗ್ರಾಫ್, ಅಂದರೆ ಗುಂಡಿ ಒತ್ತಿ ಸಮಯ ಅಳೆಯುವ ಕೈಗಡಿಯಾರದೊಳಗಿನ ಸ್ವಿಸ್ ಯಂತ್ರವಾದ ವಾಲ್ಜೂ 7733ರ ಬಗ್ಗೆ. ಅದರ ಸೋದರ 7734ರಿಂದ ಹುಟ್ಟಿದ ರಷ್ಯಾದ ಪೋಲ್ಯೋಟ್ 3133ಕ್ಕೂ ಬಹುಪಾಲು ಇದು ಸಲ್ಲುತ್ತದೆ. ಎಚ್‌ಎಂಟಿ ಜನತಾದಂಥ ಸರಳ ಕೈಗಡಿಯಾರವನ್ನು ಬಿಚ್ಚಿ ಜೋಡಿಸಿ ಕೈ ಪಳಗದವರು ಇದನ್ನು ಮುಟ್ಟದಿರುವುದೇ ಲೇಸು.

ಮೊದಲು ಬಿಚ್ಚಬೇಡಿ, ನೋಡಿ. ಮೇಲಿನ ಗುಂಡಿ ಒತ್ತಿದಾಗ ಸೆಕೆಂಡಿನ ಉದ್ದ ಮುಳ್ಳು ತಡವರಿಸುತ್ತದೆಯೇ? ಓಡುವಾಗ ನಡುಗುತ್ತದೆಯೇ? ಸೊನ್ನೆಗೆ ಮರಳಿದಾಗ 12ರ ಮೇಲೆಯೇ ಕೂರುತ್ತದೆಯೇ? ಬರೆದಿಟ್ಟುಕೊಳ್ಳಿ, ಹಂತಹಂತಕ್ಕೂ ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ನಂತರ ಸ್ಪ್ರಿಂಗಿಗೆ ಕೊಟ್ಟ ಚಾವಿಯನ್ನು ಪೂರ್ತಿ ಇಳಿಸಿ. ಉದ್ದ ಮುಳ್ಳನ್ನು ಎರಡೂ ಕಡೆಯಿಂದ ಸಮವಾಗಿ ಎತ್ತಿ. ಒಂದೇ ಕಡೆಯಿಂದ ಎತ್ತಿದರೆ ಕೂದಲಿನಂಥ ಉದ್ದ ಅಕ್ಷ ಬಾಗುತ್ತದೆ; ಬಾಗಿದ್ದನ್ನು ನೆಟ್ಟಗೆ ಮಾಡುವಾಗ ಮುರಿಯುವುದೇ ಹೆಚ್ಚು. ಹಳೆಯ ಡಯಲಿನ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರಬಹುದು, ಕೆರೆಯಬೇಡಿ.

ತೊಳೆಯುವಾಗ ಪ್ಯಾಲೆಟ್ಟನ್ನು (ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಹಿಡಿದು ಬಿಡುವ ಪುಟ್ಟ ಕವಲು) ಸ್ಪಿರಿಟ್‌ನಲ್ಲಿ ನೆನೆಹಾಕಬೇಡಿ, ಕಲ್ಲುಗಳನ್ನು ಹಿಡಿದಿರುವ ಅರಗು ಕರಗುತ್ತದೆ. ವೇಗದ ಚಕ್ರಗಳ ಅಕ್ಷದ ತುದಿಗೆ ಮೋಬಿಯಸ್ ಕಂಪನಿಯ 9010 ಎಣ್ಣೆ, ನಿಧಾನದವುಗಳಿಗೆ ಡಿ5 ಎಣ್ಣೆ, ಪ್ಯಾಲೆಟ್ ಕಲ್ಲುಗಳಿಗೆ 9415 ಗ್ರೀಸ್. ಹಲ್ಲುಗಳಿಗೆ ಎಣ್ಣೆ ಬೇಡವೇ ಬೇಡ.

ಇನ್ನು ನನ್ನ ಸಿಟ್ಟಿನ ವಿಷಯ. ಸ್ಕ್ರೂವಿನಂತೆ ಕಾಣುವ ಕೆಲವು ತಲೆಗಳು ಬಿಗಿಯುವ ಸ್ಕ್ರೂಗಳಲ್ಲ, ಅಂತರ ಹೊಂದಿಸುವ ಎಕ್ಸೆಂಟ್ರಿಕ್‌ಗಳು. ಹೋದ ಮಳೆಗಾಲ ನನ್ನ ಕೈಗೆ ಬಂದ ಒಂದು ಗಡಿಯಾರದಲ್ಲಿ ಹಿಂದಿನವರು ಯಾರೋ ಅವನ್ನೆಲ್ಲ ತಿರುವಿಬಿಟ್ಟಿದ್ದರು. ಗುಂಡಿ ಒತ್ತಿದೊಡನೆ ಗಡಿಯಾರದ ಮಿಡಿತ ಕೊಡುವ ಬ್ಯಾಲೆನ್ಸ್ ಚಕ್ರ ಸುಸ್ತಾಗಿ ನಿಲ್ಲುತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಓಡುವ ಯಂತ್ರಕ್ಕೆ ಉದ್ದ ಮುಳ್ಳನ್ನು ಜೋಡಿಸುವ ಚಕ್ರದ ಹಲ್ಲು, ಆ ಮುಳ್ಳಿನ ಸೆಕೆಂಡಿನ ಚಕ್ರದ ಹಲ್ಲಿನ ಬುಡದವರೆಗೆ ಇಳಿದಿತ್ತು. ಹಲ್ಲಿನ ಮೂರರಲ್ಲಿ ಎರಡು ಪಾಲು ಒಳಗೆ, ಒಂದು ಪಾಲು ಸಡಿಲ: ಹೀಗೆ ಬರುವವರೆಗೆ ಎಳ್ಳುಕಾಳಿನಷ್ಟು ತಿರುಗಿಸಿ, ನೋಡಿ, ಮತ್ತೆ ತಿರುಗಿಸಿದೆ. ರಾತ್ರಿ ಎರಡಾಯಿತು. ಇಳಿತ ಕಡಿಮೆಯಾದರೆ ಮುಳ್ಳು ತಪ್ಪಿ ಹಾರುತ್ತದೆ. ಹಲ್ಲಿನ ಇಳಿತ ಸರಿಯಿದ್ದೂ ಮುಳ್ಳು ನಡುಗಿದರೆ, ಸೆಕೆಂಡಿನ ಚಕ್ರದ ಅಡಿಯ ತೆಳು ಸ್ಪ್ರಿಂಗ್ ಸಡಿಲವಾಗಿದೆ ಎಂದರ್ಥ.

ಮುಳ್ಳು ಕೂರಿಸುವ ಮುನ್ನ ಸೊನ್ನೆಯ ಗುಂಡಿ ಒತ್ತಿ, ಅಕ್ಷದ ತುದಿ ತಿರುಗುವ ಅಡಿಯ ಕಲ್ಲಿಗೆ ಆಧಾರ ಕೊಡಿ. ಇಲ್ಲದಿದ್ದರೆ ಕಲ್ಲು ಒಡೆಯುತ್ತದೆ. ಆಮೇಲೆ ಓಡಿಸಿ, ನಿಲ್ಲಿಸಿ, ಮರಳಿಸಿ. ಕನಿಷ್ಠ ಇಪ್ಪತ್ತು ಬಾರಿ. 7733 ಗಂಟೆಗೆ 18,000 ಬಾರಿ ಮಿಡಿಯುವುದರಿಂದ ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಇಡಬೇಕು. ಬೆಳಗಿನ ಮಗ್ಗ ಶುರುವಾಗುವ ಮೊದಲೇ ಹಿಂಬದಿಯ ಮುಚ್ಚಳ ಹಾಕಿಬಿಡಿ.