ಬ್ರಾಂಚ್‌ನ ಪಟ್ಟಿ ಬಿಟ್ಟ ಮೇಲೆ ಸಿಕ್ಕಿದ 22 ಮಂದಿ

ಸರ್ವೆ ಮುಗಿದ ಮೇಲೆ ಸಂದರ್ಶನಕ್ಕೆ ಯಾರನ್ನು ಕರೆಯುವುದು? ನನ್ನ ಒಂದು ಮಳೆಗಾಲ ಪೂರ್ತಿ ಇದಕ್ಕೇ ಹೋಯಿತು. ನನ್ನ ಸಂಶೋಧನೆಯ ವಿಷಯ, ಬೀಡಿ ಕಟ್ಟುವ ಹೆಂಗಸರ ಸೊಂಟನೋವು, ಕುತ್ತಿಗೆನೋವು. ಜಾಗ, ಮಂಗಳೂರಿನ ಹತ್ತಿರ ತೊಕ್ಕೊಟ್ಟಿನಿಂದ ಮುಡಿಪುವರೆಗಿನ ಊರುಗಳು. ಸರ್ವೆಯಲ್ಲಿ ಸುಮಾರು 210 ಮಂದಿ ಇದ್ದರು.

ಮೊದಲು ಸುಲಭದ ದಾರಿ ಹಿಡಿದೆ. ಈ ಹೆಂಗಸರಿಗೆ ಕೆಲಸ ಕೊಡುವ ಬೀಡಿ ಬ್ರಾಂಚ್‌ನವರೊಬ್ಬರು 11 ಹೆಸರು ಬರೆದುಕೊಟ್ಟರು. 9 ಸಂದರ್ಶನ ಮಾಡಿದೆ. ಎಲ್ಲರದ್ದೂ ತುಳುವಿನಲ್ಲಿ ಒಂದೇ ಮಾತು, "ದಾಲ ತೊಂದರೆ ಇಜ್ಜಿ", ಏನೂ ತೊಂದರೆ ಇಲ್ಲ ಅಂತ. ಎಲೆ, ಹೊಗೆಸೊಪ್ಪು ತೂಗಿ ಕೊಡುವವರ ಕಡೆಯಿಂದ ಬಂದವಳ ಹತ್ತಿರ ಯಾರು ನೋವು ಹೇಳಿಕೊಳ್ಳುತ್ತಾರೆ? ಆಟೋ, ಟ್ರಾನ್ಸ್‌ಕ್ರಿಪ್ಷನ್ ಎಲ್ಲ ಸೇರಿ 13 ಸಾವಿರದಷ್ಟು ಖರ್ಚು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಆಮೇಲೆ ಸ್ನೋಬಾಲ್, ಅಂದರೆ ಒಬ್ಬರು ತೋರಿಸಿದ ಇನ್ನೊಬ್ಬರನ್ನು ಹಿಡಿದು ಹೋಗುವುದು. ಒಬ್ಬ ಅಕ್ಕ ತಂಗಿಯನ್ನು ತೋರಿಸಿದರು, ತಂಗಿ ನಾದಿನಿಯನ್ನು. 7 ಮಂದಿ ಆಗುವಾಗ ನೋಡಿದರೆ ಎಲ್ಲರೂ ಒಂದೇ ಗುಡ್ಡೆಯ ಕೆಳಗಿನ ನಾಲ್ಕು ಮನೆಯವರು. ಬ್ಯಾರಿ ಮಾತಾಡುವವರು ಒಬ್ಬರೂ ಇಲ್ಲ.

ಕೊನೆಗೆ ಸರ್ವೆಯ ಶೀಟನ್ನೇ ಮತ್ತೆ ತೆರೆದೆ. ನೋವಿನ ಅಂಕ ಒಂದು ಬದಿಗೆ, ದಿನಕ್ಕೆ ಕಟ್ಟುವ ಬೀಡಿ ಇನ್ನೊಂದು ಬದಿಗೆ. ಎರಡರಲ್ಲೂ ಹೆಚ್ಚು, ಕಡಿಮೆ ಅಂತ ಭಾಗ ಮಾಡಿದಾಗ ನಾಲ್ಕು ಚೌಕ ಆಯಿತು. ಪ್ರತಿ ಚೌಕದಿಂದ 4-5 ಮಂದಿ, ಅದರೊಳಗೆ ವಯಸ್ಸು, ಭಾಷೆ ಬೇರೆ ಬೇರೆ. ಸಾವಿರ ಬೀಡಿ ಕಟ್ಟಿಯೂ ನೋವಿಲ್ಲ ಎಂದವರ ಚೌಕದಲ್ಲಿ ಸಿಕ್ಕಿದ್ದು ಉಳಿದ ಎಲ್ಲಕ್ಕಿಂತ ಜಾಸ್ತಿ. ಬ್ರಾಂಚ್‌ನ ಪುಸ್ತಕದಲ್ಲಿ ಇರುವುದು ಒಬ್ಬಳ ಹೆಸರು. ಮನೆಯಲ್ಲಿ ಎಲೆ ಕತ್ತರಿಸುವುದು ಮಗಳು, ನೂಲು ಸುತ್ತುವುದು ಅತ್ತೆ. ನನ್ನ ಸರ್ವೆ ಇದನ್ನು ಕೇಳಿಯೇ ಇರಲಿಲ್ಲ.

"ಬೇಕಾದವರನ್ನು ಆರಿಸಿದ್ದೀ ಅಂತಾರೆ, ಲಾಟರಿ ಎತ್ತು" ಅಂದರು ಗೈಡ್. ಎತ್ತಿದೆ. ಬೇರೆಯೇ 6 ಮಂದಿಯನ್ನು ಚೀಟಿ ಹಾಕಿ ತೆಗೆದೆ. ಹೆಚ್ಚಿನವರು ನೋವೂ ಮಧ್ಯಮ, ಬೀಡಿಯೂ ಮಧ್ಯಮ. ಒಂದೇ ಒಂದು ಹೊಸ ಕೋಡ್, ಅಂದರೆ ಗುರುತು ಹಾಕುವಂಥ ಹೊಸ ವಿಷಯ, ಬರಲಿಲ್ಲ. ಅಲ್ಲಿಗೆ ಅವರೂ ಒಪ್ಪಿದರು.

ಬೀಡಿ ಬಿಟ್ಟವರೂ ಬೇಕಲ್ವಾ? ಅವರು ಸರ್ವೆಯಲ್ಲೇ ಇಲ್ಲ. 4 ಮಂದಿಯನ್ನು ಹುಡುಕಿದೆ. ಹೇಗೆ ಅಂತ ಈಗ ಹೇಳುವುದಿಲ್ಲ, ಮುಂದಿನ ಪ್ರಾಜೆಕ್ಟ್‌ಗೆ ಬೇಕು. ಬ್ರಾಂಚ್ ಮೂಲಕ ಅಲ್ಲ, ಅಷ್ಟು ಸಾಕು.

ದುಡ್ಡಿನ ವಿಷಯ. ಒಬ್ಬೊಬ್ಬರಿಗೆ 250 ರೂಪಾಯಿ ಕೊಟ್ಟೆ. ಆದರೆ ಅದಕ್ಕಿಂತ ಕೆಲಸ ಮಾಡಿದ್ದು ಅವರ ಕೈ ನಿಲ್ಲಿಸದೆ ಇದ್ದದ್ದು. ಬೀಡಿ ಕಟ್ಟುವ ತಡ್ಪೆ (ಮೊರ) ಮಡಿಲಲ್ಲೇ ಇರಲಿ, ಕಟ್ಟುತ್ತಾ ಮಾತಾಡಲಿ. ರೆಕಾರ್ಡಿಂಗ್‌ನಲ್ಲಿ ಕತ್ತರಿಯ ಸದ್ದು ಬರುತ್ತದೆ. ಮೈಕನ್ನು ಹೆಗಲ ಹತ್ತಿರ ಸಿಕ್ಕಿಸಿದರೆ ತೊಂದರೆ ಇಲ್ಲ. ಬರಲಾಗದ ಇಬ್ಬರಿಂದ ವಾಟ್ಸಾಪ್ ವಾಯ್ಸ್ ತರಿಸಿ ನೋಡಿದೆ. ಒಂದೊಂದು ನಿಮಿಷದ ಉತ್ತರ, ಪಕ್ಕದಲ್ಲಿ ಯಾರೋ ಹೇಳಿಕೊಡುವ ಸ್ವರ. ಕೈಬಿಟ್ಟೆ.

"12 ಸಂದರ್ಶನ ಸಾಕಲ್ಲ?" ಅಂತ ತುಂಬಾ ಜನ ಕೇಳಿದರು. ಗೆಸ್ಟ್, ಬನ್ಸ್, ಜಾನ್ಸನ್ ಎಂಬ ಸಂಶೋಧಕರು 2006ರಲ್ಲಿ ಹೇಳಿದ 12 ಒಂದೇ ಥರದ ಜನರಿಗೆ. ನನ್ನಲ್ಲಿ ತುಳು ಮನೆಗಳಲ್ಲಿ 11ಕ್ಕೆ ಮಾತು ತಿರುಗಿ ಬರಲು ಶುರುವಾಯಿತು. 15ನೆಯವರು, ಬ್ಯಾರಿ ಅಜ್ಜಿ, ಹೊಸ ಬಾಗಿಲನ್ನೇ ತೆರೆದರು. ಹಾಗಾಗಿ 22ಕ್ಕೆ ನಿಲ್ಲಿಸಿದೆ.

ಸಂದರ್ಶನಕ್ಕೆ ಒಪ್ಪದವರು 5 ಮಂದಿ. ಅವರ ಚೌಕ, ಹೇಳಿದ ಕಾರಣ ಅದೇ ದಿನ ಬರೆದಿಟ್ಟೆ. ಸಂದರ್ಶನದ ಸಂಶೋಧನೆಯ ವರದಿಯಲ್ಲಿ ಏನೇನು ಇರಬೇಕು ಎನ್ನುವ ಪಟ್ಟಿ ಕೊರೆಕ್ (COREQ), ಅದರ 32 ಅಂಶಗಳಲ್ಲಿ ಇದೂ ಒಂದು. ಮೂವರ ಕಾರಣ ಒಂದೇ, "ಬ್ರಾಂಚ್‌ಗೆ ಗೊತ್ತಾಗ್ತದಾ ಮೇಡಂ?" ವೈವಾದಲ್ಲಿ ಪರೀಕ್ಷಕರು ಮೊದಲು ಕೇಳಿದ್ದೂ ಒಪ್ಪದವರ ಬಗ್ಗೆಯೇ. ಆ ಹಾಳೆಯನ್ನು ಮುಂದಿಟ್ಟೆ.