ಮುಂದೆ ರಾಟೆ, ಹಿಂದೆ ಅಜ್ಜ: ಒಂದು ಹಳೆಯ ಫೋಟೊ ಮತ್ತೆ ತೆಗೆದ ಅನುಭವ

ಗಾಂಧೀಜಿ ನೂಲು ತೆಗೆಯುತ್ತಿರುವ ಫೋಟೊ ಅಂತಲೇ ಎಲ್ಲರೂ ಅದನ್ನು ನೆನಪಿಟ್ಟುಕೊಂಡಿರುತ್ತಾರೆ. ಒಮ್ಮೆ ಸರಿಯಾಗಿ ನೋಡಿ. ಅವರು ನೂಲುತ್ತಿಲ್ಲ. ನೆಲದ ಮೇಲೆ ಕೂತು, ತಲೆ ಬಗ್ಗಿಸಿ, ಕೈಯಲ್ಲಿರುವ ಕಾಗದ ಓದುತ್ತಿದ್ದಾರೆ. ರಾಟೆ ಸುಮ್ನೆ ನಿಂತಿದೆ. ಅದೂ ಅವರಿಗಿಂತ ಮುಂದೆ, ದೊಡ್ಡದಾಗಿ. ಅಮೆರಿಕದ ಲೈಫ್ ಪತ್ರಿಕೆಗಾಗಿ ಛಾಯಾಗ್ರಾಹಕಿ ಮಾರ್ಗರೆಟ್ ಬರ್ಕ್-ವೈಟ್ 1946ರಲ್ಲಿ ಪುಣೆಯಲ್ಲಿ ತೆಗೆದ ಚಿತ್ರ ಅದು. ಪ್ರಸಿದ್ಧ ಭಾವಚಿತ್ರ ಒಂದನ್ನು ಮತ್ತೆ ತೆಗೆದುಕೊಂಡು ಬನ್ನಿ ಎಂದು ಕಾಲೇಜಿನಲ್ಲಿ ಹೇಳಿದಾಗ ನಾನು ಬೇರೆ ಯಾವುದನ್ನೂ ಯೋಚಿಸಲಿಲ್ಲ.

ಆ ಫೋಟೊ ಆಕೆಗೆ ಸುಲಭವಾಗಿ ಸಿಗಲಿಲ್ಲ. ಮೊದಲು ನೂಲುವುದು ಕಲಿಯಿರಿ, ಆಮೇಲೆ ಕ್ಯಾಮೆರಾ ಎಂದು ಗಾಂಧೀಜಿಯ ಕಾರ್ಯದರ್ಶಿ ಹೇಳಿದರು. ಆಕೆ ಕಲಿತರು. ಅವತ್ತು ಸೋಮವಾರ, ಗಾಂಧೀಜಿಯ ಮೌನದ ದಿನ. ಮಾತಾಡುವಂತಿಲ್ಲ. ಫ್ಲ್ಯಾಶ್ ಬಲ್ಬ್ ಮೂರೇ ಮೂರು. ಮೊದಲೆರಡರಲ್ಲಿ ಚಿತ್ರ ಬರಲಿಲ್ಲ, ಮೂರನೆಯದು ಕೈಹಿಡಿಯಿತು. 1948ರಲ್ಲಿ ಗಾಂಧೀಜಿಯ ಹತ್ಯೆಯಾದ ಮೇಲೆ ಲೈಫ್ ತನ್ನ ಶ್ರದ್ಧಾಂಜಲಿಯಲ್ಲಿ ಇದನ್ನು ದೊಡ್ಡದಾಗಿ ಅಚ್ಚು ಮಾಡಿತು. ಜಗತ್ತು ಗುರುತಿಸಿದ್ದು ಆಗ.

ನನಗೆ ಮೊದಲು ಬೇಕಾಗಿದ್ದು ರಾಟೆ. ಖಾದಿ ಕೇಂದ್ರಗಳಲ್ಲಿ ಈಗ ಕಾಣುವುದು ಜಾಸ್ತಿ ಅಂಬರ ಚರಕ, ಹಲವು ಕದಿರು (ನೂಲು ಸುತ್ತಿಕೊಳ್ಳುವ ಸಣ್ಣ ಸಲಾಕೆ) ಇರುವಂಥದ್ದು. ಮಡಚಿ ಒಯ್ಯುವ ಪೆಟ್ಟಿಗೆ ಚರಕವೂ ಸಿಗುತ್ತದೆ. ಫೋಟೊದಲ್ಲಿರುವುದು ಎರಡೂ ಅಲ್ಲ. ಎದ್ದು ನಿಂತ ಚಕ್ರ, ಕಡ್ಡಿ ಕಡ್ಡಿಯಾಗಿ ಕಾಣುವ ಹಳೆಯ ಮರದ ರಾಟೆ. ಕೊನೆಗೆ ಅದು ಸಿಕ್ಕಿದ್ದು ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ, ಖಾದಿ ಕೆಲಸ ಮಾಡಿ ವಯಸ್ಸಾದ ಅಜ್ಜನೊಬ್ಬರ ಮನೆಯಲ್ಲಿ. ಆ ಭಾಗದಲ್ಲಿ ಗರಗದ ಖಾದಿ ಗೊತ್ತಿಲ್ಲದವರಿಲ್ಲ, ರಾಷ್ಟ್ರಧ್ವಜದ ಬಟ್ಟೆ ನೇಯುವ ಊರು ಅದು.

ಅಜ್ಜನ ತಲೆ ಬೋಳಿಸಿ, ದುಂಡು ಕನ್ನಡಕ ಹಾಕಿಸುವ ಯೋಚನೆ ನನಗೆ ಒಗ್ಗಲಿಲ್ಲ. ಹಾಗೆ ಮಾಡಿದರೆ ಅದು ವೇಷ. ಅವರ ಧೋತರ, ಅವರ ಕನ್ನಡಕ, ಅವರ ಕೋಣೆ ಸಾಕು. ನಾನು ಎರವಲು ತರಬೇಕಿದ್ದದ್ದು ಬೆಳಕು ಮತ್ತು ಜೋಡಣೆ ಮಾತ್ರ.

ಬರ್ಕ್-ವೈಟ್ ಹಾಗೆ ನಾನೂ ನೂಲಲು ಕೂತೆ. ಬಲಗೈ ಚಕ್ರ ತಿರುಗಿಸಬೇಕು, ಎಡಗೈ ಹಂಜಿಯನ್ನು, ಅಂದರೆ ಹತ್ತಿಯ ಸುರುಳಿಯನ್ನು, ಕದಿರಿನಿಂದ ಹಿಂದಕ್ಕೆ ಎಳೆಯಬೇಕು. ಕೈ ಒಂದಿಷ್ಟು ಆತುರ ಮಾಡಿದರೂ ಎಳೆ ಪಟ್ ಅಂತ ಹರಿಯುತ್ತದೆ. ಅಲ್ಲಿ ಕೂತಾಗಲೇ ಕ್ಯಾಮೆರಾ ಎಲ್ಲಿರಬೇಕು ಅಂತ ಹೊಳೆದದ್ದು. ನಿಂತು ನೋಡಿದರೆ ರಾಟೆ ಒಂದು ಸಾಮಾನು. ನೆಲಕ್ಕೆ ಕೂತು ನೋಡಿದರೆ ಅದು ಎದುರಿನ ಮನುಷ್ಯನಷ್ಟೇ ಎತ್ತರ. ಟ್ರೈಪಾಡ್ ಮಡಚಿಟ್ಟು, ಕ್ಯಾಮೆರಾವನ್ನು ಚಕ್ರದ ನಡುಗುಂಬದ ಮಟ್ಟಕ್ಕೆ ಇಳಿಸಿದೆ. ಅಗಲವಾಗಿ ನೋಡುವ 24 ಎಂಎಂ ಲೆನ್ಸ್ ಹಾಕಿ ರಾಟೆಗೆ ಹತ್ತಿರ ಹೋದೆ. ಕಡ್ಡಿಗಳೂ ಮುಖವೂ ಎರಡೂ ಸ್ಪಷ್ಟ ಇರಲಿ ಎಂದು ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಎಫ್/8ಕ್ಕೆ ಕಿರಿದು ಮಾಡಿದೆ.

"ತಮ್ಮಾ, ಫೋಟೊ ನಂದ ತಗೀತೀಯೋ, ರಾಟಿದ್ ತಗೀತೀಯೋ?" ಅಜ್ಜ ಕೇಳಿದರು.

"ಎರಡೂ ಅಜ್ಜಾರ. ಆದ್ರ ರಾಟಿ ಮುಂದ ಇರತೈತಿ."

"ಹಂಗಾದ್ರ ಛಲೋ ಆತು," ಅಂದರು.

ಬೆಳಕಿನದ್ದೇ ದೊಡ್ಡ ಕೆಲಸ. ಪುಣೆಯ ಆ ಕೋಣೆಯಲ್ಲಿ ಕಿಟಕಿಯ ಬೆಳಕು ಲೆನ್ಸಿಗೇ ಹೊಡೆಯುತ್ತಿತ್ತು, ಉಳಿದದ್ದೆಲ್ಲ ಕತ್ತಲು. ಅದಕ್ಕೇ ಆಕೆಗೆ ಫ್ಲ್ಯಾಶ್ ಬೇಕಾಯಿತು. ನಾನೂ ಅಜ್ಜನ ಹಿಂದೆ ಕಿಟಕಿ ಬರುವ ಹಾಗೆ ಕೂರಿಸಿದೆ. ಮೊದಲು ಕಿಟಕಿಯ ಸರಳು ಕಾಣುವಷ್ಟಕ್ಕೆ ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಇಳಿಸಿದೆ. ಅಜ್ಜ ಬರೀ ನೆರಳಾದರು. ಆಮೇಲೆ ಸ್ಪೀಡ್‌ಲೈಟ್ ಎಂಬ ಸಣ್ಣ ಫ್ಲ್ಯಾಶ್ ಒಂದನ್ನು ಅದರ ಪೂರ್ತಿ ಶಕ್ತಿಯ 1/16 ಪಾಲಿಗೆ ಇಟ್ಟೆ. ಮುಂದಿನಿಂದ ನೇರವಾಗಿ ಹೊಡೆದರೆ ಚಕ್ರದ ಕಡ್ಡಿಗಳ ನೆರಳು ಅಜ್ಜನ ಎದೆ, ಗಲ್ಲದ ಮೇಲೆ ಗೆರೆ ಗೆರೆಯಾಗಿ ಬೀಳುತ್ತದೆ, ಕನ್ನಡಕವೂ ಹೊಳೆಯುತ್ತದೆ. ಪಕ್ಕದ ಸುಣ್ಣ ಬಳಿದ ಗೋಡೆಯ ಮೇಲ್ಭಾಗಕ್ಕೆ ಫ್ಲ್ಯಾಶ್ ತಿರುಗಿಸಿದಾಗ ಎರಡೂ ತೊಂದರೆ ಹೋದವು.

ಇನ್ನೊಂದು ಸಂಗತಿ ಮಾಡಿ ನೋಡಿದವರಿಗೇ ಗೊತ್ತಾಗುವಂಥದ್ದು. ಅಜ್ಜನ ಕೈಗೆ ಪೂರ್ತಿ ಪೇಪರ್ ಕೊಟ್ಟರೆ ಅರ್ಧ ಮುಖ ಮುಚ್ಚುತ್ತದೆ, ಬಿಳಿ ಹಾಳೆಯೇ ಕಣ್ಣಿಗೆ ಹೊಡೆಯುತ್ತದೆ. ಅದೇ ಪೇಪರನ್ನು ಕತ್ತರಿಸಿ ಅಂಗೈ ಅಗಲದ ತುಣುಕು ಕೊಟ್ಟಾಗ ತಲೆ ತಾನಾಗಿ ಬಗ್ಗಿತು. ಕಾಗದಕ್ಕೆ ಬಿದ್ದ ಬೆಳಕು ಗಲ್ಲದ ಕೆಳಗೆ, ಮೂಗಿನ ಅಂಚಿಗೆ ಮೆತ್ತಗೆ ತಾಗಿತು. ನಾನು ಓದುವ ಹಾಗೆ ನಟಿಸಿ ಎನ್ನಲಿಲ್ಲ. ಮಳೆಯ ಸುದ್ದಿ ಇದ್ದ ತುಣುಕು ಆರಿಸಿ ಕೊಟ್ಟಿದ್ದೆ. ಅಜ್ಜ ನಿಜಕ್ಕೂ ಓದಿದರು, ತುಟಿ ಅಲ್ಲಾಡಿಸುತ್ತಾ. ನನಗೂ ಮೂರೇ ಫ್ಲ್ಯಾಶ್ ಎಂದು ಕಟ್ಟು ಹಾಕಿಕೊಂಡಿದ್ದರಿಂದ, ಕ್ಲಿಕ್ ಮಾಡುವ ಮುಂಚೆ ಅವರು ಸಾಲಿನ ಕೊನೆಗೆ ಬರುವುದನ್ನು ಕಾಯಬೇಕಾಯಿತು. ಆಗ ಕಣ್ಣು ಸರಿಯುತ್ತದೆ, ತುಟಿ ನಿಲ್ಲುತ್ತದೆ. ಡಿಜಿಟಲ್ ಕ್ಯಾಮೆರಾದಲ್ಲಿ ಕಲಿಯುವವರೆಲ್ಲ ಈ ಕಟ್ಟು ಒಮ್ಮೆ ಹಾಕಿಕೊಳ್ಳಲೇಬೇಕು ಎನ್ನುತ್ತೇನೆ.

ಕಪ್ಪು-ಬಿಳುಪಿಗೆ ತಿರುಗಿಸುವಾಗ ಹೆಚ್ಚೇನೂ ತಿದ್ದಲಿಲ್ಲ. ರಾಟೆಯ ಮರ ಪೂರ್ತಿ ಕಪ್ಪಾಗದಂತೆ ಶ್ಯಾಡೋಸ್, ಅಂದರೆ ಕತ್ತಲ ಭಾಗಗಳನ್ನು, ಸ್ವಲ್ಪ ಎತ್ತಿದೆ, ಅಷ್ಟೆ. ಪ್ರಿಂಟಿನ ಕೆಳಗೆ ಮೂಲ ಚಿತ್ರ ಮಾರ್ಗರೆಟ್ ಬರ್ಕ್-ವೈಟ್ ಅವರದ್ದು, 1946 ಎಂದು ಬರೆದೆ. ಮರುಸೃಷ್ಟಿ ಮಾಡುವವರು ಇದನ್ನು ಬಿಡಲೇಬಾರದು. ಅಜ್ಜನಿಗೆ ಒಂದು ಪ್ರತಿ ಕೊಟ್ಟೆ. ಅವರು ಮೊದಲು ನೋಡಿದ್ದು ತಮ್ಮ ಮುಖವನ್ನಲ್ಲ, ಕದಿರು ನೆಟ್ಟಗೆ ಬಂದಿದೆಯೋ ಇಲ್ಲವೋ ಎಂದು.